ಮಾಳಿಗೆ ಕ್ಲಬ್ಬಿನ ಹರಿವಾಣ

ಮಕ್ಕಳೇ, ನಾನು ಪುತ್ತೂರಿನಿಂದ ಬಂದ ದಿನ "ಹೇಗಿತ್ತು ಅಜ್ಜಿ?" ಎಂದು ನೀವಿಬ್ಬರೂ ಓಡಿ ಬಂದು ಕೇಳಿದಿರಿ. "ಲಾಯ್ಕ ಇತ್ತು" ಎಂದಷ್ಟೇ ಹೇಳಿ ನಾನು ಒಳಗೆ ಹೋದೆ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ನಾಲ್ಕು ಜನರ ಎದುರು ನನ್ನ ಬಾಯಿ ತೆರೆಯುವುದಿಲ್ಲವೆಂದು ನಿಮಗೆ ಗೊತ್ತು. ಕೊಲ್ಲಮೊಗ್ರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತೆ. ಅಷ್ಟೂ ವರ್ಷ ಬೆಳಗಿನ ಪ್ರಾರ್ಥನೆಗೆ ತುಟಿ ಮಾತ್ರ ಆಡಿಸಿದೆ. ಒಮ್ಮೆ ಟೀಚರು ಪಕ್ಕಕ್ಕೆ ಬಂದು ಕಿವಿಯಿಟ್ಟು ಕೇಳಿ, "ನಿನ್ನ ಬಾಯಿ ಹಾಡ್ತದೆ, ನೀನು ಹಾಡುದಿಲ್ಲ" ಎಂದಿದ್ದರು. ಕಾಗದದ ಎದುರು ಅಷ್ಟು ನಾಚಿಕೆಯಾಗುವುದಿಲ್ಲ. ಹಾಗಾಗಿ ಬರೆದು ಹೇಳುತ್ತೇನೆ.

ಪುತ್ತೂರಿನ ಪೇಟೆಯಲ್ಲಿ ಹಳೆಯ ಕಟ್ಟಡವೊಂದರ ಮೇಲೆ ಒಂದು ಉದ್ದದ ಕೋಣೆ ಉಂಟು. ಅದಕ್ಕೆ ಬೋರ್ಡು ಇಲ್ಲ. ಜನ ಮಾಳಿಗೆ ಕ್ಲಬ್ ಎನ್ನುತ್ತಾರೆ. ಸೋಮವಾರ, ಸಂತೆ ಮುಗಿಸಿದವರು ಚೀಲಗಳನ್ನು ಗೋಡೆಗೆ ಒರಗಿಸಿಟ್ಟು ಅಲ್ಲಿ ಸಂಗೀತಕ್ಕೆ ಕೂರುತ್ತಿದ್ದರು. ಟಿಕೆಟು ಇಲ್ಲ, ಮೈಕು ಇಲ್ಲ. ನಾನು ಮದುವೆಯಾಗಿ ಬೆಟ್ಟಂಪಾಡಿಗೆ ಬಂದಾಗಲೇ ಆ ಕೋಣೆಯ ಬಗ್ಗೆ ಕಥೆಗಳಿದ್ದವು. ಯಾರೋ ದೊಡ್ಡ ವಿದ್ವಾಂಸರು ರೈಲಿಗೆ ಹೊತ್ತಿದೆಯೆಂದು ಒಂದು ಲೋಟ ನೀರು ಕುಡಿಯಲು ಮೇಲೆ ಹತ್ತಿದರಂತೆ. ಹಾಡು ಕೇಳುತ್ತಾ ಕೂತು ರೈಲು ತಪ್ಪಿಸಿಕೊಂಡರಂತೆ. ನಾನು ಮೊದಲು ಕೇಳಿದಾಗ ಒಂದು ರೈಲು ತಪ್ಪಿತ್ತು. ನನ್ನ ಮಗ ಶಾಲೆಗೆ ಹೋಗುವ ಕಾಲಕ್ಕೆ ಮೂರಾಗಿತ್ತು. ಅಷ್ಟು ರೈಲು ಆಗ ಪುತ್ತೂರಿಗೆ ಬರುತ್ತಿತ್ತೋ ಇಲ್ಲವೋ, ಯಾರೂ ಕೇಳಲಿಲ್ಲ.

ನಾನು ಆ ಸಂಗೀತವನ್ನು ಕೇಳಿದ್ದು ಒಂದೇ ಸಲ, ಅದೂ ಕೆಳಗೆ ರಸ್ತೆಯಲ್ಲಿ ನಿಂತು. ತವರಿಗೆ ಹೋಗಲೆಂದು ಸುಳ್ಯದ ಬಸ್ಸಿಗೆ ಕಾಯುತ್ತಿದ್ದೆ. ಮೇಲಿನ ಕಿಟಕಿಯಿಂದ ಪಿಟೀಲು ಕೇಳಿಸಿತು. ರಾಗದ ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಬಾವಿಯಿಂದ ತುಂಬಿದ ಕೊಡವನ್ನು ಒಂದು ಹನಿಯೂ ಚೆಲ್ಲದ ಹಾಗೆ ಯಾರೋ ನಿಧಾನವಾಗಿ ಎಳೆಯುತ್ತಿದ್ದಾರೆ ಅನಿಸಿತು. ಕೊಡ ಮೇಲೆ ಬರುವ ಮೊದಲೇ ಬಸ್ಸು ಬಂತು. ನಾನು ಹತ್ತಲಿಲ್ಲ. ಮುಂದಿನ ಬಸ್ಸು ಬಂದಾಗಲೂ ಕೊಡ ಅರ್ಧದಲ್ಲೇ ಇತ್ತು, ಆದರೆ ಅದನ್ನು ಬಿಡುವ ಹಾಗಿರಲಿಲ್ಲ. ತವರಿನಲ್ಲಿ "ಯಾಕೆ ತಡ?" ಎಂದು ಕೇಳಿದ್ದಕ್ಕೆ ಬಸ್ಸಿನ ಮೇಲೆ ದೂರು ಹಾಕಿದೆ. ಪಾಪ, ಮೊದಲಿನ ಬಸ್ಸು ಸರಿಯಾದ ಹೊತ್ತಿಗೇ ಬಂದಿತ್ತು.

ಆದರೆ ನಿಮ್ಮ ಅಜ್ಜ ಪ್ರತಿ ಸೋಮವಾರ ಅಲ್ಲಿಗೆ ಹೋಗುತ್ತಿದ್ದರು. ನೀವು ಫೋಟೊದಲ್ಲಿ ಮಾತ್ರ ಕಂಡ ಅದೇ ಕುಶಾಲಪ್ಪ ಅಜ್ಜ. ಸಂಜೆ ಮನೆಗೆ ಬಂದು "ಇವತ್ತು ಭಾರೀ ಆಯ್ತು" ಎನ್ನುತ್ತಿದ್ದರು. ಹಾಗಾದರೆ ಇವರೂ ಹಾಡುತ್ತಾರೆ ಎಂದು ನಾನೇ ಅಂದುಕೊಂಡೆ, ನಿಮಗೂ ಹಾಗೆಯೇ ಹೇಳುತ್ತಾ ಬಂದೆ. ಒಮ್ಮೆ ಧೈರ್ಯ ಮಾಡಿ "ನಾನೂ ಒಂದು ಸಲ ಬರ್ಲಾ?" ಎಂದು ಕೇಳಿದ್ದೆ.

"ಮೆಟ್ಟಿಲು ತುಂಬಾ ನೆಟ್ಟಗೆ ಉಂಟು ಮಾರಾಯ್ತಿ, ನಿನಗೆ ಹತ್ಲಿಕ್ಕೆ ಆಗ್ಲಿಕ್ಕಿಲ್ಲ" ಎಂದರು.

ಆಗ ನನಗೆ ಇಪ್ಪತ್ತೆಂಟು ವರ್ಷ. ದಿನಕ್ಕೆ ಹತ್ತು ಸಲ ಗುಡ್ಡ ಹತ್ತಿ ಸೊಪ್ಪು ತರುವವಳಿಗೆ ಮೆಟ್ಟಿಲು ಒಂದು ಲೆಕ್ಕವೇ? ನಾನು ಮತ್ತೆ ಕೇಳಲಿಲ್ಲ. ಓದಿದವರ ನಡುವೆ ಏಳನೆಯ ಕ್ಲಾಸಿನ ಹೆಂಡತಿಯನ್ನು ಕೂರಿಸಲು ಅವರಿಗೆ ಸಂಕೋಚವೆಂದು ತಿಳಿದುಕೊಂಡೆ. ಅವರು ಹೋಗಿ ಹದಿನಾಲ್ಕು ವರ್ಷವಾಯಿತು. ಒಳ್ಳೆಯದನ್ನೇ ನೆನೆಯುತ್ತೇನೆ. ಆದರೆ ಆ ಮೆಟ್ಟಿಲಿನ ಮಾತು ಮಾತ್ರ ಕಾಲಿಗೆ ಚುಚ್ಚಿದ ಸಣ್ಣ ಮುಳ್ಳಿನ ಹಾಗೆ ಒಳಗೇ ಉಳಿದಿತ್ತು.

ಇನ್ನೊಂದು ವಿಷಯವೂ ನನಗೆ ಅರ್ಥವಾಗುತ್ತಿರಲಿಲ್ಲ. ನಿಮ್ಮ ಅಜ್ಜ ಕ್ಲಬ್ಬಿನಿಂದ ಬಂದವರು ಕಾಲು ತೊಳೆಯುವ ಮೊದಲೇ "ಎಲೆ ಉಂಟಾ?" ಎನ್ನುತ್ತಿದ್ದರು. ಊಟವಿಲ್ಲದೆ ಇದ್ದಾರು, ವೀಳ್ಯದೆಲೆ ಇಲ್ಲದೆ ಇರುವವರಲ್ಲ. ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಬೆಲ್ಲ ನೀರು, ಆಮೇಲೆ ಎಲೆಯಡಿಕೆಯ ಹರಿವಾಣ. ಜಗಳವಾಡಲು ಬಂದವರಿಗೂ ಅದನ್ನು ಮುಂದೆ ತಳ್ಳಿಯೇ ಜಗಳ ಶುರು ಮಾಡುವುದು. ಅಷ್ಟು ಹೆಸರಿನ ಕ್ಲಬ್ಬಿನಲ್ಲಿ ಒಂದು ಎಲೆ ಕೊಡುವವರಿಲ್ಲವೇ ಎಂದು ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಮೊನ್ನೆ ರೇಡಿಯೋದಲ್ಲಿ ಪಿಟೀಲು ಬರುವಾಗ "ಆ ಮಾಳಿಗೆಗೆ ಒಮ್ಮೆ ಹತ್ತಬೇಕಿತ್ತು" ಎಂದು ಬಾಯಿ ತಪ್ಪಿ ಬಂತು. ನಿಮ್ಮ ಅಮ್ಮನ ಕಿವಿಗೆ ಬಿದ್ದ ಮೇಲೆ ಮುಗಿಯಿತಲ್ಲ. "ಅದು ಈಗಲೂ ಉಂಟು ಅತ್ತೆ, ಸೋಮವಾರ ನನಗೆ ರಜೆ, ಹೋಗುವ" ಎಂದಳು. ಹೋದೆವು. ಮೆಟ್ಟಿಲು ಹದಿನಾಲ್ಕು. ಹಿಡಿಯಲು ಕಂಬಿಯೂ ಇತ್ತು. ಈ ಮಂಡಿಯಲ್ಲಿಯೂ ಒಂದೇ ಉಸಿರಿಗೆ ಹತ್ತಿದೆ. ಒಳಗಿನ ಮುಳ್ಳು ಇನ್ನಷ್ಟು ಚುಚ್ಚಿತು.

ಒಳಗೆ ಚಾಪೆಯ ಮೇಲೆ ಹನ್ನೆರಡು ಹದಿಮೂರು ಜನ, ಅದರಲ್ಲಿ ಮೂವರು ಹೆಂಗಸರು. ತಂಬೂರಿ ಒಂದು ಫೋನಿನೊಳಗಿನಿಂದ ಕೇಳಿಸುತ್ತಿತ್ತು. ಎಂಬತ್ತರ ಆಸುಪಾಸಿನ ವಾಸುದೇವ ಮಾಸ್ಟ್ರು, ಅಲ್ಲಿಗೆ ಹಿರಿಯರು, ಕೈಯಲ್ಲೇ ಕೂರುವ ಜಾಗ ತೋರಿಸಿದರು. ನಾನು ಗೋಡೆಗೆ ಅಂಟಿ ಕೂತೆ. ಒಂದು ಹಾಡು ಮುಗಿಯಿತು. ಆಗ ಪಕ್ಕದಿಂದ ಹಿತ್ತಾಳೆಯ ಹರಿವಾಣ ಬಂತು. ಎಳೆಯ ಎಲೆ, ಸುಣ್ಣ, ಹೋಳು ಮಾಡಿದ ಅಡಿಕೆ. ಅಬ್ಬ, ಇಲ್ಲಿಯೂ ಎಲೆ ಉಂಟು! ಹೆದರಿಕೆಯಲ್ಲಿ ಒಣಗಿದ್ದ ಬಾಯಿಗೆ ಅದಕ್ಕಿಂತ ಒಳ್ಳೆಯದು ಬೇರೆ ಯಾವುದು? ತೊಟ್ಟು ಮುರಿದೆ, ಎಲೆಯ ಬೆನ್ನಿಗೆ ಸುಣ್ಣ ಹಚ್ಚಿದೆ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡೆ.

ಕೂಡಲೇ ಪಿಟೀಲಿನವರು ನನ್ನ ಕಡೆ ತಿರುಗಿ ಕೂತು ಕೇಳಿದರು: "ಯಾವ ಶ್ರುತಿ ಅಮ್ಮ?"

ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ.

"ಎಲೆ ತೆಗೆದವರು ಹಾಡುದು ಇಲ್ಲಿಯ ಕ್ರಮ" ಎಂದರು ಮಾಸ್ಟ್ರು. "ಹೊಸಬರಾ? ಯಾರೂ ಹೇಳ್ಲಿಲ್ಲವಾ ಮಾರಾಯ್ರೆ?"

ನಿಮ್ಮ ಅಮ್ಮ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. "ಅತ್ತೆ, ಹೊರಗೆ ಹೋಗಿ ಉಗುಳಿ ಬನ್ನಿ, ಹಾಡಿ ಬಿಡಿ!"

"ಉಗುಳುದು ಎಂತಕ್ಕೆ? ಅವಸರ ಇಲ್ಲ. ಎಲೆ ಮುಗಿಯಲಿ" ಎಂದು ಮಾಸ್ಟ್ರು ಪಿಟೀಲಿನವರಿಗೆ ಕಣ್ಣು ಮಾಡಿದರು.

ನನಗೆ ಇದು ಹೊಳೆಯಬೇಕಿತ್ತು. ಮದುವೆಗೆ ಅಡುಗೆಯವರನ್ನು ಗೊತ್ತು ಮಾಡುವಾಗ ನಾವು ವೀಳ್ಯವನ್ನೇ ಕೊಡುವುದಲ್ಲವೇ? ಎಲೆ ಕೈಗೆ ತೆಗೆದುಕೊಂಡರೆ ಕೆಲಸ ಒಪ್ಪಿದ ಹಾಗೆ, ಮತ್ತೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಯಕ್ಷಗಾನ ಆಟದ ಮೇಳಕ್ಕೂ ಹಾಗೆಯೇ, ವಾದ್ಯದವರಿಗೂ ಹಾಗೆಯೇ. ಎಷ್ಟೋ ಜನರ ಕೈಗೆ ನಾನೇ ವೀಳ್ಯದ ತಟ್ಟೆ ದಾಟಿಸಿದ್ದೇನೆ. ಎಲೆ ಕಂಡ ಕೂಡಲೇ ಬುದ್ಧಿ ಕೈಕೊಟ್ಟಿತು, ಅಷ್ಟೆ.

ಇನ್ನೇನು ಮಾಡುವುದು, ಜಗಿದೆ. ಒಂದು ಎಲೆಯನ್ನು ಅಷ್ಟು ಹೊತ್ತು ಜಗಿಯಬಹುದೆಂದು ನನಗೇ ಗೊತ್ತಿರಲಿಲ್ಲ. ನನಗಾಗಿ ಕಾಯುತ್ತಾ ಅವರು ಒಂದು ರಾಗ ನುಡಿಸಿದರು, ಆಮೇಲೆ ಇನ್ನೊಂದು. ಮಾತಾಡಬೇಕಾಗಿಲ್ಲ, ಬಾಯಿಯಲ್ಲಿ ಎಲೆ ಉಂಟು. ಏಳುವ ಹಾಗಿಲ್ಲ, ಎಲ್ಲರ ಕಣ್ಣು ನನ್ನ ಮೇಲುಂಟು. ಕೇಳುವುದಲ್ಲದೆ ಬೇರೆ ಕೆಲಸವಿಲ್ಲ. ಅಂದು ಬಸ್ಸು ಬಂದು ಅರ್ಧಕ್ಕೆ ನಿಂತಿದ್ದ ಆ ಕೊಡ ಈ ಸಲ ಪೂರ್ತಿ ಮೇಲೆ ಬಂತು. ನೀರು ಕಟ್ಟೆಯ ಮೇಲೆ ತುಳುಕಿದ ಹಾಗಾಯಿತು. ನನ್ನ ಕಣ್ಣೂ ತುಳುಕಿತು.

ಕೊನೆಗೂ ಬಾಯಿ ಖಾಲಿಯಾಯಿತು. "ನನಗೆ ಹಾಡ್ಲಿಕ್ಕೆ ಬರುದಿಲ್ಲ" ಎಂದೆ. "ಬರೀ ಎಲೆ ಅಂತ ತೆಗೆದದ್ದು. ನಾನು ಬೆಟ್ಟಂಪಾಡಿಯ ಕುಶಾಲಪ್ಪನವರ ಮನೆಯವಳು."

ಮಾಸ್ಟ್ರು ಚಾಪೆಯಿಂದ ಅರ್ಧ ಎದ್ದರು. "ಕುಶಾಲಪ್ಪನವರ ಮನೆಯವರಾ! ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಈ ಹರಿವಾಣವನ್ನು ಬೆರಳ ತುದಿಯಲ್ಲಿ ಮುಟ್ಟಿ ದಾಟಿಸಿದ ಜನ! ಒಂದು ದಿನ ಹಾಡ್ಲಿಲ್ಲ. ಅವರಿಗೆ ಎಲೆಯೇ ಆಗುದಿಲ್ಲ ಅಂತ ನಾವು ಗ್ರಹಿಸಿದ್ದು."

"ಆಗುದಿಲ್ಲವಾ?" ನನ್ನ ಸ್ವರ ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. "ಇಲ್ಲಿಂದ ಬಂದು ಕಾಲು ತೊಳಿಯುವ ಮೊದಲು ಎಲೆ ಕೇಳುದು ಅವರು!"

ಕೋಣೆಯೆಲ್ಲ ನಕ್ಕಿತು. ನಗು ನಿಂತ ಮೇಲೆ ಮಾಸ್ಟ್ರು ಮೆಲ್ಲನೆ ಹೇಳಿದರು: "ಮನೆಯವರನ್ನೂ ಕರ್ಕೊಂಡು ಬನ್ನಿ ಅಂತ ನಾನು ಒಮ್ಮೆ ಹೇಳಿದ್ದೆ. 'ಅವಳಿಗೆ ಆಸೆ ಉಂಟು. ಆದರೆ ಎಲೆ ಕಂಡರೆ ಬಿಡುದಿಲ್ಲ, ಮತ್ತೆ ನಿಮ್ಮೆದುರು ನಾಚಿ ಸಾಯ್ತಾಳೆ' ಅಂದರು. ಎಂತ ಹೇಳಿದ್ದು ಅಂತ ಇವತ್ತು ಅರ್ಥ ಆಯ್ತು ನೋಡಿ."

ನನಗೂ ಅರ್ಥವಾಯಿತು. ನನ್ನನ್ನು ಇಷ್ಟು ಸರಿಯಾಗಿ ಬಲ್ಲವರು ಅದನ್ನು ನನಗೇ ಹೇಳುವುದು ಬಿಟ್ಟು ಮೆಟ್ಟಿಲಿನ ಮೇಲೆ ಹಾಕಿದರಲ್ಲ! ಹೇಳಿದ್ದರೆ ತಮಗೂ ಹಾಡಲು ಹೆದರಿಕೆ ಎಂಬುದು ಹೊರಗೆ ಬೀಳುತ್ತಿತ್ತು. ಒಂದೇ ಮನೆಯಲ್ಲಿ ಇಬ್ಬರು ನಾಚಿಕೆಯವರಿದ್ದರೆ ಹೀಗೆಯೇ, ಒಬ್ಬರು ಬಾಯಿ ಬಿಡುವುದಿಲ್ಲ, ಇನ್ನೊಬ್ಬರು ಕೇಳುವುದಿಲ್ಲ. ಅಷ್ಟು ವರ್ಷದ ಆ ಮುಳ್ಳು ಹೊರಗೆ ಬಂತು.

"ಹಾಡ್ಲಿಕ್ಕೆ ಬಾರದಿದ್ದರೆ ಬೇಡ, ಎಲ್ಲರಿಗೂ ಎಲೆ ಮಡಚಿ ಕೊಡಿ" ಎಂದು ಮಾಸ್ಟ್ರು ತೀರ್ಪು ಕೊಟ್ಟರು. ಅದು ನನಗೆ ಬರುವ ವಿದ್ಯೆ. ಮಡಚಿ ಕೊಟ್ಟೆ. ತೆಗೆದುಕೊಂಡವರೆಲ್ಲ ಕ್ರಮದ ಪ್ರಕಾರ ಹಾಡಬೇಕಾಯಿತು. ಅಷ್ಟು ಹೊತ್ತು ನನ್ನನ್ನು ನೋಡಿ ನಕ್ಕ ನಿಮ್ಮ ಅಮ್ಮನೂ, ಅತ್ತೆ ಕೊಟ್ಟದ್ದೆಂದು ಯೋಚಿಸದೆ ಬಾಯಿಗೆ ಹಾಕಿಕೊಂಡಳು. ಆಮೇಲೆ ನಿಮ್ಮನ್ನು ತೊಟ್ಟಿಲಲ್ಲಿ ಮಲಗಿಸುತ್ತಿದ್ದ ಹಾಡನ್ನೇ ಹಾಡಿದಳು. ಶ್ರುತಿ ಎಲ್ಲಿಗೋ ಹೋಗಿತ್ತು. ನೀವು ಇದನ್ನು ಓದಿದ್ದೀರೆಂದು ಅವಳಿಗೆ ಹೇಳಬೇಡಿ.

ಈ ಸೋಮವಾರ ಮತ್ತೆ ಹೋಗಿದ್ದೆ. ಹರಿವಾಣ ಬಂತು. ಎಲೆ ಎಳೆಯದೇ ಇತ್ತು. ಅಂಚನ್ನು ಬೆರಳ ತುದಿಯಲ್ಲಿ ಮುಟ್ಟಿ ಪಕ್ಕದವರಿಗೆ ದಾಟಿಸಿದೆ. ಮಾಸ್ಟ್ರು ನೋಡಿ ಬಾಯಿ ತುಂಬ ನಕ್ಕರು. ಹಾಡುವವರಿಗೆ ಕೇಳುವವರೂ ಬೇಕು, ಆ ಕೆಲಸವನ್ನು ನಿಮ್ಮ ಅಜ್ಜ ಅಷ್ಟು ವರ್ಷ ಚೆನ್ನಾಗಿಯೇ ಮಾಡಿದರು. ಈಗ ಅವರ ಜಾಗದಲ್ಲಿ ನಾನು.

ಸಂಜೆ ಮನೆಗೆ ಬಂದವಳು ಕಾಲು ತೊಳೆಯುವ ಮೊದಲೇ "ಎಲೆ ಉಂಟಾ?" ಎಂದು ಕೇಳಿದ್ದಕ್ಕೆ ನೀವಿಬ್ಬರೂ ನಕ್ಕಿರಲ್ಲ, ಯಾಕೆ ಅಂತ ಈಗ ಗೊತ್ತಾಯಿತಾ?