ಅಣ್ಣನ ಎಂಟು ಕೋರು, ನನ್ನ ಆರು ಕೋರು

ನಾನು ಕ್ವಾಲಾಲಂಪುರದ ಪಕ್ಕದ ಸೈಬರ್‌ಜಯಾದ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿದ್ದೆ. ಅಣ್ಣ ಮೆಲಾಕಾದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ. ಇಬ್ಬರೂ ಒಂಟಿಯಾಗಿದ್ದೆವು. ಶುಕ್ರವಾರ ಕೆಲಸ ಮುಗಿಸಿ ಕಾರು ಹತ್ತಿದರೆ ಊಟದ ಹೊತ್ತಿಗೆ ಅವನ ಮನೆ ಸೇರುತ್ತಿದ್ದೆ. ದಾವಣಗೆರೆಯಲ್ಲಿ ಜಗಳವಾಡಿಕೊಂಡೇ ಬೆಳೆದ ನಾವು ಪರದೇಶಕ್ಕೆ ಬಂದರೂ ಆ ಚಟ ಬಿಟ್ಟಿರಲಿಲ್ಲ.

ಮೊದಲ ಲಾಕ್‌ಡೌನ್ ಮುಗಿದು ರಸ್ತೆಗಳು ತೆರೆದಿದ್ದ ದಿನಗಳು. ಅವನಿಗೆ ಆನ್‌ಲೈನ್ ಪಾಠ, ನನಗೆ ಮನೆಯಿಂದಲೇ ಕೆಲಸ. ಹಳೆಯ ಲ್ಯಾಪ್‌ಟಾಪುಗಳು ಏದುಸಿರು ಬಿಡುತ್ತಿದ್ದವು. ಇಬ್ಬರೂ ಕ್ವಾಲಾಲಂಪುರಕ್ಕೆ ಹೋಗಿ ಒಂದೇ ಅಂಗಡಿಯಲ್ಲಿ ಡೆಸ್ಕ್‌ಟಾಪ್ ಜೋಡಿಸಿಕೊಂಡೆವು. ಉಳಿದದ್ದೆಲ್ಲ ಒಂದೇ, ಪ್ರೊಸೆಸರ್ ಮಾತ್ರ ಬೇರೆ ಬೇರೆ ಕಂಪನಿಯದು. ಅಣ್ಣನದಕ್ಕೆ ಎಂಟು ಕೋರು, ಎಂದರೆ ಕೆಲಸ ಹಂಚಿಕೊಳ್ಳುವ ಎಂಟು ಭಾಗ. ನನ್ನದಕ್ಕೆ ಆರೇ, ಆದರೆ ಒಂದೊಂದೂ ಅವನದಕ್ಕಿಂತ ಚುರುಕು.

"ಎಂಟು ಜನ ಮಾಡೋ ಕೆಲ್ಸ ಆರು ಜನ ಮಾಡಕ್ಕಾಗುತ್ತೇನೇ?" ಎಂದ ಅಣ್ಣ.

"ನಿನ್ನ ಎಂಟು ಜನ ನಡೀತಾರೆ, ನನ್ನ ಆರು ಜನ ಓಡ್ತಾರೆ," ಎಂದೆ.

ಅಂಗಡಿಯ ತಮಿಳಿನವರು ನಕ್ಕು, "ರೆಂಡುಮೇ ನಲ್ಲದುದಾನ್ ಲಾ," ಎಂದರು. ಎರಡೂ ಒಳ್ಳೆಯದೇ ಎಂದುಬಿಟ್ಟರೆ ನಮ್ಮ ಜಗಳ ಮುಗಿಯುತ್ತದೆಯೇ? ಹೊಸ ವರ್ಷ ಕಳೆದ ಮೇಲೆ ನನ್ನದನ್ನು ಮೆಲಾಕಾಕ್ಕೆ ಒಯ್ದು, ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವುದೆಂದು ತೀರ್ಮಾನವಾಯಿತು.

ಅಷ್ಟರಲ್ಲಿ ಮತ್ತೆ ನಿರ್ಬಂಧ ಬಂತು. ಒಂದು ರಾಜ್ಯದವರು ಇನ್ನೊಂದಕ್ಕೆ ಹೋಗುವಂತಿಲ್ಲ. ದಾವಣಗೆರೆ ದೂರವಾದದ್ದಕ್ಕೆ ಮನಸ್ಸು ಹೇಗೋ ಒಗ್ಗಿತ್ತು, ಮೆಲಾಕಾ ದೂರವಾದದ್ದಕ್ಕೆ ಒಗ್ಗಲಿಲ್ಲ.

ಕೊನೆಗೆ ಫೋನಿನಲ್ಲೇ ಪರೀಕ್ಷೆ ಶುರುವಾಯಿತು. ಅಣ್ಣ ತನ್ನ ಪಾಠದ ವಿಡಿಯೊ ಒಂದನ್ನು ನನಗೂ ಕಳಿಸುತ್ತಿದ್ದ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಒಟ್ಟಿಗೆ ಎಣಿಸಿ ಗುಂಡಿ ಒತ್ತುತ್ತಿದ್ದೆವು. ಆ ದೊಡ್ಡ ಫೈಲನ್ನು ಯಾರ ಯಂತ್ರ ಮೊದಲು ಚಿಕ್ಕದು ಮಾಡುತ್ತದೆ ಎಂಬುದೇ ಪಂದ್ಯ. ಅದು ಮುಗಿಯುವವರೆಗೆ ಮಾತು. ಅವನು ತಮಿಳರ ಅಂಗಡಿಯಿಂದ ಪೊರಿ ತಂದು ಒಗ್ಗರಣೆ ಹಾಕಿದ್ದು, ಅದು ನಮ್ಮೂರ ಮಂಡಕ್ಕಿಯಂತೆ ಆಗದೇ ಹೋದದ್ದು, ಇಂಥವೇ.

"ನಿಂದೆಷ್ಟು ಪರ್ಸೆಂಟ್ ಆಯ್ತು?" ಎಂದು ಅವನು ನಡುನಡುವೆ ಕೇಳುತ್ತಿದ್ದ. ಮೊದಮೊದಲು ಅವನದೇ ಬೇಗ ಮುಗಿಯುತ್ತಿತ್ತು. ಆಮೇಲೆ ನನ್ನದು ಗೆಲ್ಲತೊಡಗಿತು. ಹಾಗಾಗಬಾರದಿತ್ತು. ತೀರಾ ಬಿಸಿಯಾದರೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ ಎಂಬುದು ನೆನಪಾಗಿ, "ಏಸಿ ಹಾಕಿಲ್ವಾ?" ಎಂದೆ.

"ಕೆಟ್ಟು ತಿಂಗಳಾಯ್ತು. ರಿಪೇರಿಯವ್ನು ಬರ್ತಾ ಇಲ್ಲ."

ಆ ಸೆಖೆಯಲ್ಲಿ ಅಣ್ಣ ಬನಿಯನ್ನಿನಲ್ಲಿ ಕೂತು ಪಾಠ ಮಾಡುವುದು ಕಣ್ಣಿಗೆ ಕಟ್ಟಿತು. ನನ್ನ ಗೆಲುವಿನ ಖುಷಿ ಹೋಯಿತು.

ಜುಲೈ ಹೊತ್ತಿಗೆ ಅವನಿಗೆ ಜ್ವರ ಬಂತು. ಕೋವಿಡ್ಡೇ. ಮನೆಯಲ್ಲೇ ಇರಬೇಕು, ಯಾರೂ ಹತ್ತಿರ ಹೋಗುವಂತಿಲ್ಲ. ಅವನ ಸಹೋದ್ಯೋಗಿಯೊಬ್ಬರು ಮಾಮಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನಿಂದ ಊಟ ತಪಾವ್ ಮಾಡಿಸಿ, ಎಂದರೆ ಕಟ್ಟಿಸಿಕೊಂಡು ಬಂದು, ಬಾಗಿಲ ಹಿಡಿಗೆ ನೇತುಹಾಕಿ ಹೋಗುತ್ತಿದ್ದರು. ಒಂದು ಭಾನುವಾರ ನಾನೇ ಫೋನ್ ಮಾಡಿದೆ. ಅವನ ಉಸಿರು ಕಟ್ಟಿ ಕಟ್ಟಿ ಬರುತ್ತಿತ್ತು.

"ಮಾತಾಡಬೇಡ, ಫೋನ್ ಇಡ್ಲಾ?" ಎಂದೆ.

"ಇಡಬೇಡ. ನಿಂದು ಶುರು ಮಾಡು. ನಾನು ಕೇಳ್ತಾ ಮಲಗಿರ್ತೀನಿ."

ನಾನು ಹಳೆಯದೊಂದು ವಿಡಿಯೊ ಹಾಕಿ, "ಹತ್ತು ಪರ್ಸೆಂಟ್ ಆಯ್ತಣ್ಣಾ, ಇಪ್ಪತ್ತಾಯ್ತಣ್ಣಾ," ಎನ್ನುತ್ತ ಕೂತೆ. ಮುಗಿದ ಮೇಲೆ ಇನ್ನೊಂದು ಹಾಕಿದೆ. ಅವನು ನಿದ್ದೆ ಹೋದದ್ದು ತಿಳಿದರೂ ಫೋನ್ ಇಡಲು ಮನಸ್ಸಾಗಲಿಲ್ಲ. ಆ ಊರಿನ ಫ್ಯಾನಿನ ಸದ್ದನ್ನಾದರೂ ಕೇಳುತ್ತಿದ್ದೆನಲ್ಲ.

ಅವನು ಹುಷಾರಾದ. ಅಕ್ಟೋಬರಿನಲ್ಲಿ ರಸ್ತೆ ತೆರೆದ ದಿನವೇ ನನ್ನ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕಾರಿನಲ್ಲಿಟ್ಟುಕೊಂಡು ಹೊರಟೆ. ಬಾಗಿಲು ತೆರೆದವನ ಕುತ್ತಿಗೆ ಬಡಕಲಾಗಿತ್ತು. "ಅದನ್ನೂ ಹೊತ್ಕೊಂಡು ಬಂದ್ಯಾ?" ಎಂದು ನಕ್ಕ. ಅವತ್ತು ಅದನ್ನು ಬಿಚ್ಚಲೇ ಇಲ್ಲ. ಉಂಡೆವು, ಮಾತಾಡಿದೆವು, ಮತ್ತೆ ಉಂಡೆವು.

ಮರುದಿನ ಎರಡನ್ನೂ ಊಟದ ಮೇಜಿನ ಮೇಲಿಟ್ಟೆವು. ಏಸಿ ರಿಪೇರಿಯಾಗಿತ್ತು. ಒಂದೇ ಕೋಣೆ, ಒಂದೇ ತಂಪು. ಎರಡೂ ಅರ್ಧ ದಾಟಿದಾಗ ಅಣ್ಣ ಮೆಲ್ಲಗೆ ಹೇಳಿದ:

"ಮೈಸೂರಲ್ಲಿ ಕೆಲ್ಸ ಸಿಕ್ಕಿದೆ ಕಣೇ. ವರ್ಷ ಮುಗಿಯೋದ್ರೊಳಗೆ ಹೊರಡ್ತೀನಿ. ಆ ಜ್ವರದಲ್ಲಿ ಒಬ್ನೇ ಮಲಗಿದ್ದಾಗ್ಲೇ ಸಾಕು ಅನ್ನಿಸ್ಬಿಡ್ತು."

"ಒಳ್ಳೇದಾಯ್ತು ಬಿಡು," ಎಂದೆ. ಪರದೆಯ ಮೇಲಿನ ಅಂಕಿ ಮಸುಕಾಗಿ ಕಂಡಿತು. ಅವನದು ಮೊದಲು ಮುಗಿಯಿತು, ನನ್ನದು ಅದರ ಹಿಂದೆಯೇ. ಗೆದ್ದವನು ಹಂಗಿಸಲಿಲ್ಲ. ಚಹಾ ಮಾಡಲು ಎದ್ದುಹೋದ.

ಅವನು ಹೋದ ಮೇಲೆ ರಸ್ತೆಗಳು ಮತ್ತೆ ಮುಚ್ಚಲಿಲ್ಲ. ಒಮ್ಮೆ ಕಚೇರಿಯವರ ಜೊತೆ ಮೆಲಾಕಾಕ್ಕೆ ಹೋಗಿದ್ದೆ. ಅವರೆಲ್ಲ ನದಿ ದಂಡೆಯಲ್ಲಿ ಫೋಟೊ ತೆಗೆಸಿಕೊಂಡರು. ಒಬ್ಬಳು, "ನಿಂಗೆ ಈ ಊರು ಚೆನ್ನಾಗಿ ಗೊತ್ತಲ್ವಾ, ಎಲ್ಲಿ ಊಟ ಮಾಡೋಣ?" ಎಂದು ಕೇಳಿದಳು. ನನಗೆ ಒಂದು ಹೋಟೆಲೂ ಗೊತ್ತಿರಲಿಲ್ಲ. ಆ ಊರಿನಲ್ಲಿ ನಾನು ಯಾವತ್ತೂ ಹೊರಗೆ ಉಂಡಿರಲೇ ಇಲ್ಲ.