ಪರದೆಗೆ ಹಿಡಿಸದ ಹೆಸರು

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ದಡ್ಡ ನಾನೇ. ಕೊನೆಯವರೆಗೆ ಓದಿ ಕಂಡುಹಿಡಿಯುವ ಕಷ್ಟ ನಿಮಗೆ ಬೇಡ.

ಕಳೆದ ವಾರ ಶಂಶಾಬಾದಿನ ಮದುವೆ ಹಾಲಿನ ಮುಂದೆ ಒಂದು ಫ್ಲೆಕ್ಸ್ ಕಟ್ಟಿದ್ದರು. ವಧುವಿನ ಹೆಸರು ಪೂರ್ತಿ ಇತ್ತು, ವರನದು ಅಂಚಿನಲ್ಲಿ ಅರ್ಧಕ್ಕೇ ಮಾಯ. ಎಲ್ಲರೂ ನಕ್ಕರು. ಊರನ್ನೆಲ್ಲ ಅಣಕಿಸಿ ನಗಿಸುವ ನನಗೆ ಮಾತ್ರ ಬೆವರಿದ ಕಾಲುಚೀಲದ ವಾಸನೆ ಮೂಗಿಗೆ ಅಡರಿತು...

ಹುಡುಗನಾಗಿದ್ದಾಗ ನಾನು ಕಲಿಯುತ್ತಿದ್ದ ಕೂಕಟ್‌ಪಲ್ಲಿಯ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನಲ್ಲಿ ಶೂ ಹೊರಗೆ ಬಿಟ್ಟು ಎಸಿ ಕೋಣೆಗೆ ಹೋಗಬೇಕಿತ್ತು. ಕಿಟಕಿಗಳಿಗೆ ಪ್ಲೈವುಡ್ ಬಡಿದಿದ್ದರು. ಒಳಹೊಕ್ಕ ಮೇಲೆ ಹಗಲೋ ಸಂಜೆಯೋ ತಿಳಿಯುತ್ತಿರಲಿಲ್ಲ. ಅಲ್ಲಿ ಸಿ ಗ್ರಾಫಿಕ್ಸ್, ಅಂದರೆ ಸಿ ಭಾಷೆಯಲ್ಲಿ ಪರದೆಯ ಮೇಲೆ ಚಿತ್ರ, ಅಕ್ಷರ ಮೂಡಿಸುವುದನ್ನು ಕಲಿಸುತ್ತಿದ್ದ ಸರ್ ಬೀದರ್ ಕಡೆಯವರು. ಪಾಠವೆಲ್ಲ ತೆಲುಗಿನಲ್ಲಿ, ಬೈಗುಳ ಮಾತ್ರ ನನ್ನೊಬ್ಬನಿಗಾಗಿ ಕನ್ನಡದಲ್ಲಿ.

"ಅಕ್ಷರಕ್ಕೂ ಮೈ ಐತಿ, ತಮ್ಮಾ. ಟೇಲರ್ ಹಂಗ ಮೊದಲ ಅಳತಿ ತಗೋ, ಆಮ್ಯಾಲ ಕತ್ರಿ ಹಾಕು" ಎನ್ನುತ್ತಿದ್ದರು. ಬರೆಯುವ ಸಾಲು ಎಷ್ಟು ಚುಕ್ಕಿ ಅಗಲ ಬರುತ್ತದೆಂದು ಟೆಕ್ಸ್ಟ್‌ವಿಡ್ತ್ ಎಂಬ ಫಂಕ್ಷನ್ನಿಗೆ ಕೇಳು, ಪರದೆಗೆ ಹಿಡಿಸದಿದ್ದರೆ ಫಾಂಟಿನ ಗಾತ್ರ ಇಳಿಸು, ಮತ್ತೆ ಕೇಳು. ಇಷ್ಟೇ ಪಾಠ. ಹೇಳುವಾಗ ಅವರ ಎಡ ಹುಬ್ಬು ಏರುತ್ತಿತ್ತು, 'ಅಳತಿ' ಎಂಬಲ್ಲಿ ದನಿ ಮೂಗಿಗೆ ಹೋಗುತ್ತಿತ್ತು. ಪಾಠ ನನಗೆ ಹತ್ತಲಿಲ್ಲ. ಹುಬ್ಬು, ಮೂಗು ಎರಡೂ ಹತ್ತಿದವು. ಅವರು ಚಹಾಕ್ಕೆ ಹೋದರೆ ಅವರದೇ ದನಿಯಲ್ಲಿ ನಾನೇ ಸರ್. ಅವರಿಗೆ ಅದು ಗೊತ್ತಿಲ್ಲವೆಂದು ನಂಬಿದ್ದೆ.

ಮಾಲೀಕರಿಗೆ ಗ್ರಾಫಿಕ್ಸ್ ಬ್ಯಾಚ್ ಮುಚ್ಚಿ, ಅಂಗಡಿ ಲೆಕ್ಕದ ಪ್ಯಾಕೇಜ್ ಕಲಿಸುವ ಆಸೆ. ವಾರ್ಷಿಕೋತ್ಸವಕ್ಕೆ ಬರುವ ಅತಿಥಿ ಮೆಚ್ಚಿದರೆ ಬ್ಯಾಚ್ ಇರಲಿ, ಇಲ್ಲವೆಂದರೆ ಸರ್ ಕೂಡ ಪ್ಯಾಕೇಜಿಗೆ ಹೋಗಲಿ ಎಂದುಬಿಟ್ಟರು. ಸರ್ ಅತಿಥಿಯ ಹೆಸರು ಮೂಡುವ ಸ್ವಾಗತದ ಪರದೆಯನ್ನು ನನಗೆ ಒಪ್ಪಿಸಿದರು. ಮನೆಭಾಷೆಯ ಹುಡುಗ ಅಂತಲೋ ಏನೋ...

ನಾನು ಕಣ್ಣಂದಾಜಿನಲ್ಲೇ ದೊಡ್ಡ ಗಾತ್ರ ಹಾಕಿದೆ. ಹೆಸರು ಅಂದವಾಗಿ ಕೂತಿತು. ಯಾರೂ ಕೀ ಒತ್ತಿ ಅದನ್ನು ಅಳಿಸದಿರಲೆಂದು ಕೊನೆಗೆ ಸುತ್ತಿದಲ್ಲೇ ಸುತ್ತುತ್ತ ಎಂದೂ ಮುಗಿಯದ ಒಂದು ಲೂಪ್ ಬೇರೆ. ಜಾಣ ನೋಡಿ ನಾನು.

ಆ ದಿನ ಬೆಳಿಗ್ಗೆ ಮಾಲೀಕರು ಬಂದು, ಅತಿಥಿಗೆ ಮನೆತನದ ಹೆಸರೆಂದರೆ ಪ್ರಾಣ, ಪೂರ್ತಿ ಹಾಕು ಎಂದರು. ತೆಲುಗರಲ್ಲಿ ಅದು ಮೊದಲು ಬರುತ್ತದೆ. ಅಲ್ಲಿ ನಾನು ಒಂದೇ ಅಕ್ಷರ ಹಾಕಿದ್ದೆ. ಈಗ ಇಡೀ ಹೆಸರು ತುರುಕಿದೆ. "ಮತ್ತ ಅಳತಿ ತಗೊಂಡಿ ಹೌದಿಲ್ಲೋ?" ಎಂದರು ಸರ್, ಬಾಗಿಲಲ್ಲಿ ನಿಂತು. ಅತಿಥಿಯ ಕಾರು ಕೆಳಗೆ ಬಂದಾಗಿತ್ತು. "ತಗೊಂಡೀನ್ರಿ ಸರ್" ಎಂದೆ.

ಪರದೆ ಬೆಳಗಿತು. ಮನೆತನದ ಹೆಸರು ಈ ಅಂಚಿನಿಂದ ಆ ಅಂಚಿನವರೆಗೆ ಮೈಚಾಚಿ ಮಲಗಿತ್ತು. ಅತಿಥಿಯ ಸ್ವಂತ ಹೆಸರು ಪರದೆಯಾಚೆ ಎಲ್ಲೋ. "ನಾ ಪೇರೇದಯ್ಯಾ?" ನನ್ನ ಹೆಸರೆಲ್ಲಯ್ಯಾ ಎಂದು ಅತಿಥಿ ಕೇಳಿದರು. ಎಸ್ಕೇಪ್ ಒತ್ತಿದೆ. ಇದ್ದಬದ್ದ ಕೀಗಳನ್ನೆಲ್ಲ ಒತ್ತಿದೆ. ನನ್ನ ಜಾಣ ಲೂಪ್ ಅಲ್ಲಾಡಲಿಲ್ಲ. ಸ್ವಿಚ್ಚು ಅತಿಥಿಯ ಕುರ್ಚಿಯ ಹಿಂದೆ, ನಾನು ಮೇಜು ಗೋಡೆಗಳ ನಡುವೆ, ಬಾಗಿಲ ತುಂಬ ಜನ. ಓಡೋಣವೆಂದರೆ ಕಾಲಲ್ಲಿ ಶೂ ಕೂಡ ಇಲ್ಲ. ಕೊನೆಗೆ ಸರ್ ಬಗ್ಗಿ ಸ್ವಿಚ್ ಆರಿಸಿ, ತಪ್ಪು ತಮ್ಮದೆಂದು ತೆಲುಗಿನಲ್ಲಿ ಕೈಮುಗಿದರು.

ಬ್ಯಾಚ್ ಮುಚ್ಚಿತು. ಸರ್ ಸ್ವಲ್ಪ ದಿನ ಪ್ಯಾಕೇಜ್ ಕಲಿಸಿ ಬಿಟ್ಟುಹೋದರು. ಬಾಲಾನಗರದ ಯಾವುದೋ ಕಾರ್ಖಾನೆ ಎಂದರು ಕೆಲವರು, ಬೀದರಿಗೇ ಹೋದರು ಎಂದರು ಕೆಲವರು... ಆಗ ನಾನು ಹುಡುಕಲಿಲ್ಲ. ಈಗ ಹುಡುಕಿದರೂ ಸಿಗಲಿಲ್ಲ.

ಆ ಫ್ಲೆಕ್ಸಿನ ಮುಂದೆ ಅಂದಿನ ಬ್ಯಾಚಿನ ಗೆಳೆಯರು ಸರ್ ದನಿ ಮಾಡೆಂದು ಹಟ ಹಿಡಿದರು. ಹುಬ್ಬು ಏರಿತು, ಮೂಗು ಸರಿಹೋಯಿತು. ಅವರ ಒಂದು ಮಾತನ್ನು ಮಾತ್ರ ಎಂದಿನಂತೆ ಅಣಕಿಸದೆ ಬಿಟ್ಟೆ. ವಾರ್ಷಿಕೋತ್ಸವದ ಆ ಸಂಜೆ ಇನ್‌ಸ್ಟಿಟ್ಯೂಟಿನ ಮೆಟ್ಟಿಲ ಮೇಲೆ ಕೂತು ಅವರು ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು. "ಸರ್, ನಾಕ ಅಕ್ಷರ ಹೋದ್ವು ಅಷ್ಟ" ಎಂದಿದ್ದೆ ನಾನು. ಅವರು ತಲೆಯೆತ್ತದೆ ಹೇಳಿದ್ದರು:

"ನನ್ನ ದನಿ ಅಳತಿ ಭೇಷ್ ತಗೊಂಡಿ. ಆ ಹೆಸರಿಂದು ಯಾಕ ತಗೊಳ್ಳಲಿಲ್ಲೋ, ತಮ್ಮಾ?"