ಎಣ್ಣೆ ಹಚ್ಚದ ಕೈ

ನಮ್ಮತ್ತೆಯ ಅಂಗೈ ರೇಷ್ಮೆ ಸೀರೆಗೆ ಆಗಿಬರುತ್ತಿರಲಿಲ್ಲ. ನನ್ನ ಮದುವೆಯ ದಿನ ಮಧುಗಿರಿಯ ನಮ್ಮ ಕ್ರೈಸ್ತ ದೇವಾಲಯದ ಬಾಗಿಲಲ್ಲಿ ಹೆಗಲ ಮೇಲೆ ಕೈಯಿಟ್ಟು ಹರಸಿ ಕೈ ತೆಗೆದರೆ, ಸೀರೆಯ ಎಳೆಯೂ ಜೊತೆಗೆ ಎದ್ದು ಬಂತು. ಅಂಗೈ ತುಂಬ ಬಿರುಕು, ಬೆರಳ ತುದಿಗಳಲ್ಲಿ ಸಿಬಿರೆದ್ದ ಚರ್ಮ. ಹೊಸ ಸೀರೆ ಹಾಳಾಯಿತಲ್ಲ ಎಂದು ನನ್ನ ಮುಖ ಸಪ್ಪಗಾಯಿತು. ಅತ್ತೆ ಆ ಎಳೆಯನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ, "ಇನ್ಮೇಲೆ ನನ್ನತ್ರ ಬರೋವಾಗ ಕಾಟನ್ ಉಟ್ಕೊಂಡು ಬಾ ಕಣವ್ವ" ಎಂದರು. ಕೊರಟಗೆರೆಯಿಂದ ಬಂದಿದ್ದ ನಮ್ಮ ಕಡೆಯ ಹೆಂಗಸರು ಮುಖ ಮುಖ ನೋಡಿಕೊಂಡರು.

ಆ ಕೈ ಹಾಗಾಗಿದ್ದು ಗಂಜಿ ಪಾತ್ರೆಯಿಂದ. ಬೆಳಗಾದರೆ ಅತ್ತೆ ದೊಡ್ಡ ಪಾತ್ರೆಯಲ್ಲಿ ನುಚ್ಚಕ್ಕಿ ಗಂಜಿ ಕಾಯಿಸಿ, ಆಸ್ಪತ್ರೆಗೆ ಒಯ್ದು, ರೋಗಿಗಳಿಗೂ ಅವರನ್ನು ನೋಡಿಕೊಳ್ಳಲು ಬಂದು ಹಸಿದುಕೊಂಡೇ ಕೂತವರಿಗೂ ಬಡಿಸಿ ಬರುತ್ತಿದ್ದರು. ಬಂದಮೇಲೆ ಬೂದಿ, ತೆಂಗಿನ ನಾರು ಹಾಕಿ ತಿಕ್ಕುವುದು. ನಾನು ತಂದುಕೊಟ್ಟ ಹೊಸ ನಮೂನೆಯ ಬ್ರಷ್ಷನ್ನು ಕಿಟಕಿಯಲ್ಲಿಟ್ಟು ಮರೆತೇಬಿಟ್ಟರು.

ಅವರು ಪಾವಗಡದ ಕಡೆಯವರು. ಸಿಟ್ಟು ಬಂದಾಗಲೂ ಮುದ್ದು ಬಂದಾಗಲೂ ಬಾಯಿಗೆ ತೆಲುಗೇ ಬರುತ್ತಿತ್ತು. ನಮ್ಮೆಜಮಾನರನ್ನು ಹೆತ್ತ ಮೇಲೆ ಬಾಣಂತಿ ಜ್ವರ ಹತ್ತಿ, ಮನೆಯವರೆಲ್ಲ ಆಸೆ ಬಿಟ್ಟಿದ್ದರಂತೆ. ಸುವಾರ್ತೆ ಹೇಳಿಕೊಂಡು ಊರೂರು ತಿರುಗುತ್ತಿದ್ದ ಒಬ್ಬ ಹೆಂಗಸು ಬಂದು, ಪಕ್ಕದಲ್ಲಿ ಕೂತು, ಕೈ ಹಿಡಿದು ಪ್ರಾರ್ಥನೆ ಮಾಡಿದರು. ಜ್ವರ ಬಿಟ್ಟಿತು. ಎದ್ದವರೇ ಅತ್ತೆ ಗೋಡೆ ಹಿಡಿದುಕೊಂಡು ಹೋಗಿ ಒಲೆ ಹಚ್ಚಿದರಂತೆ. ಯಾಕೆಂದು ಕೇಳಿದರೆ, "ಪಾಪ, ಆಯಮ್ಮ ಬಂದಾಗಿಂದ ಏನೂ ತಿಂದಿರ್ಲಿಲ್ಲ" ಅನ್ನುತ್ತಿದ್ದರು. ಸಭೆಯಲ್ಲಿ ಸಾಕ್ಷಿ ಹೇಳುವವರು ಅತ್ತು ಕರೆದು ಅರ್ಧ ಆರಾಧನೆಯನ್ನೇ ನುಂಗಿಹಾಕುವುದುಂಟು. ಅತ್ತೆಯ ಸಾಕ್ಷಿ ಮಾತ್ರ ಯಾವತ್ತೂ ಇಷ್ಟೇ: "ನಂಗೆ ಜ್ವರ ಬಿಡ್ತು. ಅವತ್ತಿಂದ ಗಂಜಿ ಕಾಯಿಸ್ತಾ ಇದೀನಿ. ಸ್ತೋತ್ರ." ಅಷ್ಟು ಹೇಳಿ ಕೂತುಬಿಡುವರು.

ಕಾಯಿಲೆಯವರಿಗಾಗಿ ಪ್ರಾರ್ಥಿಸಲು ಕರೆದರೆ ಮೊದಲು ಕೇಳುವುದು, "ಮಾತ್ರೆ ನುಂಗಿದ್ಯಾ?" ಆಮೇಲೆ ಹಣೆಯ ಮೇಲೆ ಆ ಒರಟು ಕೈ ಇಟ್ಟು, "ಎದ್ಮೇಲೆ ಏನ್ ಮಾಡ್ತೀಯ ಹೇಳು." ಮಲಗಿರುವವರು ಯಾರಿಗಾದರೂ ಏನಾದರೊಂದು ಮಾಡುತ್ತೇನೆಂದು ಬಾಯಿಬಿಟ್ಟು ಹೇಳಲೇಬೇಕು. ಹೇಳಿದ ಮೇಲೆಯೇ ಪ್ರಾರ್ಥನೆ, ಅದೂ ಒಂದೇ ಉಸಿರಿನದು: "ಸ್ವಾಮಿ, ಇವ್ರನ್ನ ಎಬ್ಬಿಸಪ್ಪ. ಇವ್ರಿಗೆ ಕೆಲ್ಸ ಐತೆ."

ಕೊರಟಗೆರೆ ದಾರಿಯ ಖಾಸಗಿ ಬಸ್ಸಿನ ಕಂಡಕ್ಟರ್ ಒಬ್ಬ ಕಾಮಾಲೆಯಾಗಿ ಮಲಗಿದ್ದ. ಗಂಜಿ ಬಡಿಸುತ್ತಾ ಅವನ ಹಣೆಗೂ ಅತ್ತೆ ಕೈಯಿಟ್ಟರು. ಅವನು ಸಂಕೋಚದಿಂದ, "ಅಮ್ಮ, ನಾವು ಈಶ್ವರನ ಒಕ್ಕಲು" ಎಂದ.

"ಇರ್ಲಿ ಬುಡಪ್ಪ. ನಾನು ನನ್ ಸ್ವಾಮೀನ ಕೇಳ್ತೀನಿ, ನೀನು ನಿನ್ನ ಈಶ್ವರನ್ನ ಕೇಳ್ಕೋ. ಎದ್ಮೇಲೆ ಏನ್ ಮಾಡ್ತೀಯ?"

ಅವನು ಗಂಜಿ ಬಟ್ಟಲು ಪಕ್ಕಕ್ಕಿಟ್ಟ. "ಮುದುಕೀರು ಸೊಪ್ಪಿನ ಮೂಟೆ ಇಟ್ಕೊಂಡು ಕೈ ಅಡ್ಡ ಹಾಕಿದ್ರೆ ಬಯ್ಯಲ್ಲಮ್ಮ. ಹತ್ತಿಸ್ಕೊತೀನಿ."

ಎದ್ದ. ಆ ಬಸ್ಸು ಈಗಲೂ ಸೊಪ್ಪಿನ ಮುದುಕಿಯರಿಗೆ ನಿಲ್ಲುತ್ತದೆ.

"ಏನಮ್ಮ, ದೇವ್ರತ್ರ ಗುತ್ತಿಗೆ ಮಾಡ್ಕೊತೀರಾ?" ಎಂದು ನಮ್ಮ ಸಭೆಯ ಅಯ್ಯನವರು ಒಮ್ಮೆ ಕಿಚಾಯಿಸಿದರು. "ಗುತ್ತಿಗೆ ಎಲ್ಲಿ ಬಂತು ಅಯ್ನೋರೆ? ಎದ್ಮೇಲೊಂದು ಕೆಲ್ಸ ಕಾಯ್ತಾ ಐತೆ ಅಂತ ಗೊತ್ತಾದ್ರೆ ಮಲಗಿರೋರಿಗೆ ಏಳೋ ಮನಸ್ಸು ಬತ್ತದೆ" ಎಂದರು ಅತ್ತೆ. ಎಲ್ಲರೂ ಏಳುತ್ತಿದ್ದರೆಂದು ನಾನು ಹೇಳಲಾರೆ. ಏಳದವರ ಮನೆಗೂ ಅತ್ತೆಯೇ ಮೊದಲು ಹೋಗಿ, ಹೊರಗೆ ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದರು.

ನನ್ನ ಮಗಳಿಗೆ ಕಾಯಿಲೆ ಬಂದಾಗ ಅವಳು ಮೂರನೇ ಕ್ಲಾಸಿನಲ್ಲಿದ್ದಳು. ಆಟದಲ್ಲಿ ಬಿದ್ದ ಗಾಯವೆಂದುಕೊಂಡಿದ್ದ ಕಲೆಗಳು ಬೀಳದೆಯೂ ಮೂಡತೊಡಗಿದವು. ರಕ್ತದ ಕಾಯಿಲೆ ಎಂದರು ತುಮಕೂರಿನಲ್ಲಿ. ಬೆಂಗಳೂರಿನಲ್ಲೂ ಅದನ್ನೇ ಹೇಳಿದರು. ಮಾಡುವುದನ್ನೆಲ್ಲ ಮಾಡಿದೆವು. ಕೂದಲು ಉದುರಿ, ಎರಡು ಕಣ್ಣು ಮಾತ್ರ ಉಳಿದಂತಿದ್ದ ಮಗುವನ್ನು ಕೊನೆಗೆ ಮನೆಗೆ ಕರೆತಂದು ಮಲಗಿಸಿದೆವು.

ಅತ್ತೆ ಪಕ್ಕದಲ್ಲಿ ಕೂತು ಹಣೆಯ ಮೇಲೆ ಕೈಯಿಟ್ಟರು. "ಬಂಗಾರು ತಲ್ಲಿ, ಎದ್ಮೇಲೆ ಏನ್ ಮಾಡ್ತೀಯ?"

"ಅಜ್ಜೀ, ನಿನ್ ಕೈ ಚುಚ್ಚುತ್ತೆ" ಎಂದಳು ಮಗಳು. ಅತ್ತೆ ಕೈ ತೆಗೆಯಹೋದರೆ ಬಿಡಲಿಲ್ಲ, ತಾನೇ ಹಿಡಿದು ಮತ್ತೆ ಹಣೆಗೆ ಒತ್ತಿಕೊಂಡಳು. "ಎದ್ಮೇಲೆ ದಿನಾ ನಿನ್ ಕೈಗೆ ಕೊಬ್ಬರಿ ಎಣ್ಣೆ ಹಚ್ತೀನಿ. ಮೆತ್ತಗಾಗೋ ತನ್ಕ."

ಅತ್ತೆಯ ಪ್ರಾರ್ಥನೆ ಅವತ್ತು ಒಂದೇ ಉಸಿರಿಗೆ ಮುಗಿಯಲಿಲ್ಲ. ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಲೇ ಇದ್ದರು. ಎಬ್ಬಿಸಪ್ಪ, ಕೆಲ್ಸ ಐತೆ.

ಮಗಳು ಏಳಲಿಲ್ಲ.

ಸಮಾಧಿಯ ಬಳಿ ಅಯ್ಯನವರು ಓದಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ಮಣ್ಣು ಹಾಕಲು ಬಗ್ಗಿದ ಅತ್ತೆ ಮಾತ್ರ ಮೆಲ್ಲಗೆ, ಪಕ್ಕದಲ್ಲಿ ನಿಂತವರ ಹತ್ತಿರ ಮಾತಾಡುವಂತೆ, "ಕೆಲ್ಸ ಇತ್ತಲ್ಲ ಸ್ವಾಮಿ ಇವಳಿಗೆ" ಎಂದರು. ಆ ಮಾತು ನನ್ನನ್ನು ಇವತ್ತಿಗೂ ಸುಡುತ್ತದೆ.

ನಾನು ದೇವಾಲಯಕ್ಕೆ ಹೋಗುವುದನ್ನು ಬಿಟ್ಟೆ. ಸ್ವಲ್ಪ ದಿನ ಕಳೆದ ಮೇಲೆ ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಗಂಜಿಯ ವಾಸನೆ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. "ಯಾಕತ್ತೆ ಇನ್ನೂ? ಅಷ್ಟು ಕೇಳಿದ್ರಲ್ಲ, ಏನ್ ಕೊಟ್ಟ ಅವನು?" ಎಂದು ಕೂಗಾಡಿದೆ.

ಅತ್ತೆ ಸೌಟು ಕೆಳಗಿಡಲಿಲ್ಲ. "ನಂಗೆ ಕೊಟ್ಟಿದ್ದಕ್ಕೆ ನಾನು ಮಾಡ್ತಾ ಇದೀನಿ ಕಣವ್ವ. ಮಗೀಗೆ ಯಾಕ್ ಕೊಡ್ಲಿಲ್ಲ ಅಂತ ದಿನಾ ಕೇಳ್ತಾನೂ ಇದೀನಿ. ಎರಡೂ ಬುಡಲ್ಲ."

ಆದರೆ "ಎದ್ಮೇಲೆ ಏನ್ ಮಾಡ್ತೀಯ" ಎಂದು ಮತ್ತೆ ಯಾರನ್ನೂ ಕೇಳಲಿಲ್ಲ. ಕಾಯಿಲೆಯವರ ಹಣೆಯ ಮೇಲೆ ಕೈಯಿಟ್ಟು ಸುಮ್ಮನೆ ಕಣ್ಣು ಮುಚ್ಚುತ್ತಿದ್ದರು. ಬೇಸಗೆಯಲ್ಲಿ ಅಂಗೈಯ ಬಿರುಕುಗಳಲ್ಲಿ ರಕ್ತ ಜಿನುಗುವುದನ್ನು ನೋಡಲಾರದೆ ನಾನು ಎಣ್ಣೆ ಬಟ್ಟಲು ತಂದರೆ, ಕೈಯನ್ನು ಸೆರಗಿನೊಳಗೆ ಸೇರಿಸಿಕೊಳ್ಳುವರು. "ಅದು ಅವಳ ಕೆಲ್ಸ. ನೀನ್ ಮಾಡ್ಬೇಡ." ಎಂಥ ಹಠವೆಂದು ರೇಗುತ್ತಿದ್ದೆ. ಒಳಗೆ ಹೋಗಿ ಅಳುತ್ತಿದ್ದೆ.

ಹೋದ ವರ್ಷ ಪಾತ್ರೆ ತಿಕ್ಕುತ್ತಿದ್ದವರು ಅಲ್ಲೇ ಕುಸಿದರು. ತಾವು ಗಂಜಿ ಬಡಿಸುತ್ತಿದ್ದ ವಾರ್ಡಿನಲ್ಲೇ ಮಲಗಿದರು. ಪ್ರಾರ್ಥಿಸೋಣವೆಂದು ನಾನು ಅವರ ಹಣೆಯ ಮೇಲೆ ಕೈಯಿಟ್ಟೆ. ಬಾಯಿಗೆ ಬಂದದ್ದು ಪ್ರಾರ್ಥನೆಯಲ್ಲ, ಅವರ ಮಾತೇ: "ಅತ್ತೆ, ಎದ್ಮೇಲೆ ಏನ್ ಮಾಡ್ತೀರ?"

ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ. "ನಾನು ಏಳಲ್ಲ ಕಣವ್ವ. ಪಾತ್ರೆ ಅರ್ಧ ತಿಕ್ಕಿದ್ದೆ... ಅದನ್ನ ತೊಳ್ದುಬುಡು."

ಮನೆಗೆ ಹೋಗಿ, ಒಣಗಿ ಹಿಡಿದುಕೊಂಡಿದ್ದ ಬೂದಿಯನ್ನು ನೆನೆಸಿ ತಿಕ್ಕಿ ತೊಳೆದೆ. ಮರುದಿನ ಅದರಲ್ಲೇ ಗಂಜಿ ಕಾಯಿಸಿ ಒಯ್ದೆ. ಈಗಲೂ ಶಾಲೆಗೆ ಪಾಠ ಮಾಡಲು ಹೊರಡುವ ಮುಂಚೆ ಒಯ್ಯುತ್ತೇನೆ. ಪ್ರಾರ್ಥನೆ ಇನ್ನೂ ಬಾಯಿಗೆ ಬಂದಿಲ್ಲ, ಗಂಜಿ ಮಾತ್ರ ತಪ್ಪಿಲ್ಲ. ಆ ಋಣ ಇಷ್ಟರಲ್ಲಿ ತೀರುವಂಥದ್ದಲ್ಲ.

ಅತ್ತೆ ತೀರಿಕೊಂಡ ದಿನ ಸಭೆಯ ಹೆಂಗಸರು ಸ್ನಾನ ಮಾಡಿಸಿ ಬಿಳಿ ಸೀರೆ ಉಡಿಸಿದರು. ಕೈಗಳನ್ನು ಎದೆಯ ಮೇಲೆ ಜೋಡಿಸುವಾಗ ಒಬ್ಬರು, "ಅಯ್ಯೋ, ನೋಡಿ ಕೈ ಹೆಂಗಾಗೈತೆ" ಎಂದು ಮರುಗಿ, ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಹಚ್ಚಲು ಬಂದರು. ನಾನು ಅವರ ಕೈ ಹಿಡಿದುಕೊಂಡೆ.

"ಕೈಗೆ ಬೇಡಕ್ಕ. ನನ್ ಮಗಳು ಹಚ್ತಾಳೆ" ಎಂದೆ.

ಬಿರುಕು ಬಿಟ್ಟ ಆ ಕೈಗಳನ್ನು ಹಾಗೆಯೇ ಜೋಡಿಸಿ, ಮಗಳ ಪಕ್ಕದಲ್ಲಿ ಮಣ್ಣು ಮಾಡಿದೆವು.